ಬೈಲಕುಪ್ಪೆಯ ಟಿಬೆಟಿಯನ್ನರು ಇಲ್ಲಿಗೆ ಹೇಗೆ ಒಗ್ಗಿಕೊಂಡರು?

ಪ್ರಶ್ನೆ: ನಾನು ಮೈಸೂರಿನವನು. ಬೈಲಕುಪ್ಪೆಗೆ ಹೋದಾಗೆಲ್ಲ ಯೋಚನೆ ಬರುತ್ತೆ, ಅಂಥ ಚಳಿ ನಾಡಿನವರು ಪಿರಿಯಾಪಟ್ಟಣದ ಬಿಸಿಲಲ್ಲಿ ಹೇಗೆ ಬದುಕಿದರು? ಗೊತ್ತಿದ್ದವರು ಹೇಳಿ.

ಉತ್ತರ: ಸುಮ್ನೆ ಆಗಿದ್ದಲ್ಲ. ದಲೈ ಲಾಮಾ ಭಾರತಕ್ಕೆ ಬಂದದ್ದು 1959ರಲ್ಲಿ, ಆಗಿನ ಮೈಸೂರು ಸರ್ಕಾರ ಜಾಗ ಕೊಟ್ಟ ಮೇಲೆ 1961ರಲ್ಲಿ ಇಲ್ಲಿ ಮೊದಲ ಕ್ಯಾಂಪ್ ಶುರುವಾಯ್ತು, ಆದರೆ ಜಾಗ ಅಂದ್ರೆ ಬರೀ ಕಾಡು. ಮರ ಕಡಿದು, ಬೇರು ಕಿತ್ತು, ಆನೆ ಕಾಟ ತಡ್ಕೊಂಡು ಹೊಲ ಮಾಡಿದರು. ಅಲ್ಲಿ ಬಾರ್ಲಿ ಬೆಳೆದವರು ಇಲ್ಲಿ ಮುಸುಕಿನ ಜೋಳ ಬಿತ್ತಿದರು.

ಉತ್ತರ: ಜೋಳ ಮಳೆ ನಂಬಿದ ಬೆಳೆ, ಅದೊಂದರಿಂದ ಮನೆ ನಡೆಯಲ್ಲ. ಅದಕ್ಕೇ ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರ್ತಾರೆ. ಹಳಬರು ಕನ್ನಡ ಕಲಿತದ್ದು ಹೊಲದಲ್ಲಿ, ಸಂತೆಯಲ್ಲೇ ಅಲ್ವಾ?

ಉತ್ತರ: ಹೌದು. ಈಗಿನ ಹುಡುಗರಲ್ಲಿ ವಿದೇಶಕ್ಕೆ ಹೋಗೋರೇ ಜಾಸ್ತಿ. ಆ ಜೋಳದ ಹೊಲ ಮುಂದೆ ಯಾರು ಉಳ್ತಾರೋ!