ಬ್ಯಾರಿ ಸ್ಯಾಂಡರ್ಸ್ ದಾಖಲೆಗೆ ಬೆನ್ನು ತೋರಿಸಿದರೇ?

ಚಿಕ್ಕಪ್ಪ: ಬೆಳಿಗ್ಗೆ ನೀನು ಹಾಕಿದ, ಅಮೆರಿಕನ್ ಫುಟ್‌ಬಾಲ್ ಆಟಗಾರ ಬ್ಯಾರಿ ಸ್ಯಾಂಡರ್ಸ್ ಅವರ ವಿಡಿಯೊ ನೋಡಿದೆ. ಓಟ ಸೊಗಸಾಗಿದೆ. ಆದರೆ ಚೆಂಡು ಹಿಡಿದು ಓಡಿ ವೃತ್ತಿಜೀವನದಲ್ಲಿ ಗಳಿಸಿದ ಒಟ್ಟು ಗಜಗಳಲ್ಲಿ ವಾಲ್ಟರ್ ಪೇಟನ್ ಅವರ 16,726ರ ದಾಖಲೆಗೆ ಬರೀ 1,457 ಗಜ ಬಾಕಿ ಇದ್ದಾಗ, 1999ರ ಜುಲೈನಲ್ಲಿ, ತಮ್ಮ ಹುಟ್ಟೂರು ವಿಚಿಟಾದ ಪತ್ರಿಕೆಗೊಂದು ಫ್ಯಾಕ್ಸ್ ಕಳಿಸಿ ಆಟ ಬಿಟ್ಟವರನ್ನು ನಾನು ಮಹಾನ್ ಆಟಗಾರ ಎನ್ನಲಾರೆ. ಕೈಗೆ ಬಂದ ತುತ್ತನ್ನು ಯಾರಾದರೂ ಕೆಳಗಿಡುತ್ತಾರೆಯೇ?

ನಾನು: ಚಿಕ್ಕಪ್ಪ, ಅವರು ತುತ್ತು ಕೆಳಗಿಟ್ಟದ್ದು ಅದೇ ಮೊದಲಲ್ಲ. 1989ರಲ್ಲಿ, ಡೆಟ್ರಾಯಿಟ್ ಲಯನ್ಸ್ ಪರ ಆಡಿದ ಮೊದಲ ವರ್ಷದ ಕೊನೆಯ ಪಂದ್ಯದಲ್ಲಿ, ಇನ್ನೊಂದು ಹನ್ನೊಂದು ಗಜ ಓಡಿದ್ದರೆ ಆ ವರ್ಷದ ಅಗ್ರ ಓಟಗಾರನ ಪಟ್ಟ ಅವರದಾಗುತ್ತಿತ್ತು. ಗೆಲುವು ಖಚಿತವಾಗಿತ್ತು, ಮತ್ತೆ ಮೈದಾನಕ್ಕಿಳಿಯುತ್ತೀಯಾ ಎಂದು ಕೋಚ್ ಕೇಳಿದರು, ಇವರು ಬೇಡವೆಂದರು. ಪಟ್ಟ ಹತ್ತು ಗಜಗಳ ಅಂತರದಲ್ಲಿ ಕ್ರಿಶ್ಚಿಯನ್ ಒಕೋಯೆ ಅವರ ಪಾಲಾಯಿತು. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಅಂಕಿಗಾಗಿ ಓಡದವರು ಮೂವತ್ತೊಂದರಲ್ಲಿ ಏಕೆ ಓಡಬೇಕಿತ್ತು? ವಿಡಿಯೊದ ಕೊನೆಯನ್ನು ಇನ್ನೊಮ್ಮೆ ನೋಡಿ: ಟಚ್‌ಡೌನ್ (ಎದುರಾಳಿಯ ಗೆರೆ ದಾಟಿ ಅಂಕ ಗಳಿಸುವುದು) ಆದ ಮೇಲೆ ಕುಣಿತವಿಲ್ಲ, ಕೂಗಾಟವಿಲ್ಲ. ಚೆಂಡನ್ನು ಅಂಪೈರರ ಕೈಗಿತ್ತು ಸುಮ್ಮನೆ ಹಿಂತಿರುಗುತ್ತಾರೆ.

ಅಣ್ಣ: ಪ್ಲೇಆಫ್, ಅಂದರೆ ಋತುವಿನ ಕೊನೆಯ ನಾಕೌಟ್ ಪಂದ್ಯಗಳ, ವಿಷಯವನ್ನು ನೀನು ಎತ್ತುತ್ತಲೇ ಇಲ್ಲ. 1994ರ ಋತುವಿನಲ್ಲಿ ಗ್ರೀನ್ ಬೇ ತಂಡದ ವಿರುದ್ಧ ಹದಿಮೂರು ಬಾರಿ ಚೆಂಡು ಹಿಡಿದು ಓಡಿ, ಒಟ್ಟು ಗಳಿಕೆ ಮೈನಸ್ ಒಂದು ಗಜ.

ನಾನು: ನಿಜ ಅಣ್ಣ. ಸಂದಿ ಸಿಗುವವರೆಗೆ ಹಿಂದಕ್ಕೂ ಪಕ್ಕಕ್ಕೂ ಸರಿಯುವುದು ಅವರ ಆಟದ ರೀತಿ, ಹಾಗಾಗಿ ನಷ್ಟವೂ ಆಗುತ್ತಿತ್ತು. ಆದರೆ ಅದೇ ರೀತಿಯಿಂದಲೇ 1997ರಲ್ಲಿ, ಮೊದಲೆರಡು ಪಂದ್ಯಗಳಲ್ಲಿ ಒಟ್ಟು 53 ಗಜ ಮಾತ್ರ ಗಳಿಸಿದ ಮೇಲೂ, ಉಳಿದ ಹದಿನಾಲ್ಕರಲ್ಲಿ ಪ್ರತಿಯೊಂದರಲ್ಲೂ ನೂರು ದಾಟಿ 2,053 ಗಜ ಮುಟ್ಟಿದರು. ಐದು ಅಡಿ ಎಂಟು ಅಂಗುಲದ ಆಳು! ಹತ್ತು ವರ್ಷಗಳಲ್ಲಿ ಆ ತಂಡ ಗೆದ್ದ ಪ್ಲೇಆಫ್ ಪಂದ್ಯ ಒಂದೇ ಒಂದು. ಅಂಥ ತಂಡದಲ್ಲಿ ದುಡಿದು ದಣಿದವರನ್ನು ಓಡಿಹೋದವರೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಅತ್ತೆ: ನಿವೃತ್ತರಾದದ್ದನ್ನು ನಾನೂ ಆಕ್ಷೇಪಿಸುವುದಿಲ್ಲ. ಆದರೆ ಹತ್ತು ವರ್ಷ ಸ್ಟೇಡಿಯಮ್‌ಗೆ ಬಂದು ಕೂಗಿದ ಜನರೆದುರು ನಿಂತು ಎರಡು ಮಾತು ಹೇಳಬಹುದಿತ್ತು. ಹೊಸ ಋತುವಿನ ತರಬೇತಿ ಶಿಬಿರ ಆರಂಭವಾಗುವ ಹೊತ್ತಿಗೆ ತಿಳಿಸಿದರೆ ತಂಡ ಬದಲಿಯನ್ನು ಎಲ್ಲಿಂದ ತರಬೇಕು?

ನಾನು: ಅತ್ತೆ, ಅದನ್ನು ಒಪ್ಪುತ್ತೇನೆ. ಆ ಜನರಿಗೆ ಅಷ್ಟು ಸಲ್ಲಬೇಕಿತ್ತು.

ಚಿಕ್ಕಪ್ಪ: ಫ್ಯಾಕ್ಸ್ ಬಗ್ಗೆ ನನ್ನ ಮಾತು ಬದಲಾಗದು. ಆದರೆ 1989ರ ಆ ಸಂಗತಿ ನನಗೆ ತಿಳಿದಿರಲಿಲ್ಲ. ಆ ಪಂದ್ಯದ ವಿಡಿಯೊ ಸಿಕ್ಕರೆ ಹಾಕು.