ಗುಡ್ಡದ ಮ್ಯಾಲ ಮಹಾಪೂರ! ರೇಡಾರ್ ಚಿತ್ರ ತಿದ್ದಿದವರು ಅನುಭವ ಹೇಳ್ರಿ

ಕೇಳಿದವರು, ಬಾಗಲಕೋಟೆ:
ನಮಸ್ಕಾರ್ರೀ. ಎಂ.ಎಸ್ಸಿ. ಪ್ರಾಜೆಕ್ಟಿಗೆ 2019ರ ಆಗಸ್ಟ್ ಮಹಾಪೂರದ ನಕ್ಷೆ ಮಾಡಾಕತ್ತೇನಿ, ಕಣಕುಂಬಿಯಿಂದ ಕೂಡಲಸಂಗಮದ ತನಕ ಮಲಪ್ರಭಾ. ಸೆಂಟಿನೆಲ್-1 ಅನ್ನೂ ಯುರೋಪಿನ ರೇಡಾರ್ ಉಪಗ್ರಹದ ಚಿತ್ರ, ತಿದ್ದಾಕ ಸ್ನ್ಯಾಪ್ ತಂತ್ರಾಂಶ. ಟೆರೇನ್ ಕರೆಕ್ಷನ್ (ನೆಲದ ಎತ್ತರ ನೋಡಿ ಚಿತ್ರಾನ ನಕ್ಷೆಯ ಸರಿ ಜಾಗಕ್ಕ ಕೂಡಿಸೂದು) ಮಾಡೇನಿ. ಆದರೂ ಖಾನಾಪುರದ ಗುಡ್ಡಗಳ ಒಂದು ಮಗ್ಗಲು ಸುಣ್ಣ ಬಳದಂಗ ಬೆಳ್ಳಗ, ಇನ್ನೊಂದು ಕಪ್ಪಗ. ರೇಡಾರಿನಾಗ ನೀರು ಕಪ್ಪಗ ಕಾಣೂದಕ್ಕ, ಈ ಕಪ್ಪೆಲ್ಲ ನೀರಂತ ಬರ್ತೈತಿ. "ಗುಡ್ಡದ ತುದಿಗೆ ಹೊಳಿ ಹತ್ತಿತೇನೋ?" ಅಂತ ಗೈಡ್ ನಕ್ಕರು. ಎಲ್ಲಿ ತಪ್ಪೇನಿ?

ಖಾನಾಪುರ:
ತಪ್ಪಿಲ್ಲ ತಮ್ಮಾ, ಅರ್ಧ ಕೆಲಸ ಆಗೈತಿ. ರೇಡಾರ್ ಓರೆಯಾಗಿ ನೋಡಿ ದೂರ ಅಳೀತೈತಿ. ಅದರ ಕಡೆ ಮುಖ ಮಾಡಿದ ಇಳಿಜಾರಿನ ಬುಡ, ತುದಿ ಎರಡೂ ಹೆಚ್ಚುಕಡಿಮಿ ಒಂದ ದೂರಕ್ಕ ಬೀಳ್ತಾವು. ನಾಕು ಚೀಲದ ಜೋಳ ಒಂದ ಚೀಲಕ್ಕ ತುರುಕಿದಂಗ, ಅದಕ್ಕ ಬೆಳ್ಳಗ. ಹಿಂದಿನ ಮಗ್ಗಲಿಗೆ ಇದರ ತಿರುವುಮುರುವು. ಟೆರೇನ್ ಕರೆಕ್ಷನ್ ಆ ಚೀಲಾನ ಸರಿಯಾದ ಮನಿಗೆ ಮುಟ್ಟಸ್ತೈತಿ, ಅಷ್ಟ. ಒಳಗಿನ ಕಾಳು ಅಳದು ಹಂಚೂದು ಬ್ಯಾರೆ ಕೆಲಸ, ಟೆರೇನ್ ಫ್ಲ್ಯಾಟನಿಂಗ್. ಅದು ಮೊದಲು, ಕರೆಕ್ಷನ್ ಆಮ್ಯಾಲ.

ನಾನು ಒಂದು ತಿಂಗಳು ಕಳಕೊಂಡಿದ್ದು ಒಂದು ಚೌಕಕ್ಕ ಟಿಕ್ ಹಾಕದ. ಸಿಗ್ಮಾ, ಬೀಟಾ, ಗಾಮಾ ಅಂದರ ಮರಳಿ ಬಂದ ಸಿಗ್ನಲ್ ಅಳಿಯೂ ಮೂರು ಬಗಿ. ಕ್ಯಾಲಿಬ್ರೇಷನ್ನಿನಾಗ (ಕಚ್ಚಾ ಅಂಕಿ ಸಿಗ್ನಲ್ ಅಳತಿಗೆ ತರೂದು) ತಾನಾಗಿ ಸಿಗ್ಮಾ ಬರ್ತೈತಿ. ಫ್ಲ್ಯಾಟನಿಂಗಿಗೆ ಬೇಕಾದ್ದು ಬೀಟಾ, ಅದರಿಂದ ಹೊರಗ ಬರೂದು ಗಾಮಾ. ಡೆಸಿಬಲ್‌ಗೆ, ಅಂದರ ಲಾಗರಿದಮ್ ಅಳತಿಗೆ, ತಿರುಗಿಸೂದು ಎಲ್ಲಾದಕ್ಕೂ ಕೊನೀಗೆ. ಡೆಸಿಬಲ್ ಮಾಡಿದ ಮ್ಯಾಲ ಸರಾಸರಿ ತಗೀಬ್ಯಾಡ.

ವಿಜಯಪುರ:
ನಮ್ಮ ಕಡೆ ಗುಡ್ಡನೂ ಇಲ್ಲ, ಈ ತಲಿನೋವೂ ಇಲ್ಲ. ಆದ್ರ ಕಪ್ಪಿನ ಕಾಟ ಅದ: ಹರಗಿ ಸಾಪ ಮಾಡಿದ ಒಣ ಎರಿಹೊಲನೂ ರೇಡಾರಿಗೆ ನೀರಿನಂಗ ಕಾಣ್ತದ. ನಾ ಮಾಡೂದು ಇಷ್ಟ: ಮಹಾಪೂರಕ್ಕಿಂತ ಮೊದಲಿನ ಚಿತ್ರ, ಅದೇ ಕಕ್ಷೆದು, ತಗೊಂಡು ಕಳೀತೀನಿ. ನೋಡೂ ಕೋನ ಒಂದ ಇದ್ರ ಗುಡ್ಡದ ಬೆಳಕು-ಕತ್ತಲಿ ಎರಡರಾಗೂ ಒಂದ ಇರ್ತದ, ಹೊಡದು ಹೋಗ್ತದ. ಫ್ಲ್ಯಾಟನಿಂಗ್ ಯಾಕ ಬೇಕ್ರೀ?

ಖಾನಾಪುರ:
ಅದೂ ಖರೇನ. ಆದರ ಒಂದು ಚಿತ್ರ ಉಪಗ್ರಹ ಉತ್ತರಕ್ಕ ಹೊಂಟಾಗಿಂದು, ಇನ್ನೊಂದು ದಕ್ಷಿಣಕ್ಕ ಹೊಂಟಾಗಿಂದು ಸಿಕ್ಕರ? ಮೊದಲಿನದು ಪೂರ್ವಕ್ಕ ನೋಡ್ತೈತಿ, ಎರಡನೇದು ಪಶ್ಚಿಮಕ್ಕ. ಬೆಳ್ಳಗಿದ್ದ ಮಗ್ಗಲು ಕಪ್ಪಗಾಗ್ತೈತಿ. ಆವಾಗ ಗಾಮಾ ಬಿಟ್ಟರ ದಾರಿಯಿಲ್ಲ.

ಗೋಕಾಕ:
ಕಪ್ಪಿಗೆಲ್ಲ ನೆರಳು ಅನಬ್ಯಾಡ್ರಿ. ಈ ಚಿತ್ರದಾಗ ಕಿರಣ ಬೀಳೂ ಕೋನ (ಲಂಬದಿಂದ ಅಳದದ್ದು) ಸುಮಾರು 29ರಿಂದ 46 ಡಿಗ್ರಿ. ಹಿಂದಿನ ಇಳಿಜಾರು 44 ಡಿಗ್ರಿ ದಾಟಿದರ ನಿಜವಾದ ನೆರಳು, ಅದೂ ಪಟ್ಟಿಯ ದೂರದ ಅಂಚಿನಾಗ. ಹತ್ತಿರದ ಅಂಚಿಗೆ 61 ಬೇಕು. ಕಾಡುಗುಡ್ಡ ಬಹಳಷ್ಟು ಅಷ್ಟು ಕಡಿದಿಲ್ಲ, ಫ್ಲ್ಯಾಟನಿಂಗಿಗೆ ಬಗ್ತಾವು. ನಮ್ಮ ಜಲಪಾತದ ಬಂಡೆಗಲ್ಲು, ಬಾದಾಮಿಯ ಕೆಂಪು ಮರಳುಗಲ್ಲಿನ ಬಂಡಿ ಬಗ್ಗೂದಿಲ್ಲ. 52 ಮೀಟರಿನ ನೆಟ್ಟನ ಬಂಡಿಗೆ 39 ಡಿಗ್ರಿಯಾಗ 42 ಮೀಟರ್ ನೆರಳು, ಅಂದರ 10 ಮೀಟರಿನ ನಾಕು ಪಿಕ್ಸೆಲ್. ಸಿಗ್ನಲ್ಲೇ ಬರದಲ್ಲಿ ಏನ ತಿದ್ದತೀರಿ? ಮಾಸ್ಕ್ ಹಾಕಿ, ಅಂದರ ಆ ಜಾಗ ಲೆಕ್ಕದಿಂದ ಮುಚ್ಚಿ, ಬಿಡ್ರಿ. 30 ಮೀಟರ್ ಡಿಇಎಂಗೆ (ನೆಲದ ಎತ್ತರದ ಡಿಜಿಟಲ್ ನಕ್ಷೆ) ಆ ಬಂಡಿ ಸರಿಯಾಗಿ ಕಾಣೂದೂ ಇಲ್ಲ, ಹಂಗಾಗಿ ಮಾಸ್ಕಿಗೆ ಕೈಯಿಂದ ಗೆರಿ ಎಳೀಬೇಕಾಗ್ತೈತಿ.

ನವನಗರ, ಬಾಗಲಕೋಟೆ:
ಡಿಇಎಂ ಯಾವುದಂತ ಹೇಳಿಲ್ಲ. ಎಸ್‌ಆರ್‌ಟಿಎಂ (ನಾಸಾದ ಶಟಲ್ ಅಳದ ಡಿಇಎಂ) ಇದ್ದರ ಅದು 2000ರ ಫೆಬ್ರುವರಿ ನೆಲ. ಆಲಮಟ್ಟಿಯಾಗ 519.6 ಮೀಟರ್ ತನಕ ನೀರು ನಿಲ್ಲಿಸಾಕ ಸುಪ್ರೀಂ ಕೋರ್ಟ್ ಒಪ್ಪಿದ್ದು ಅದೇ ವರ್ಷ ಏಪ್ರಿಲ್‌ನಾಗ. ಅಂದರ ಇವತ್ತಿನ ಹಿನ್ನೀರು ಅದರಾಗಿಲ್ಲ. ಕೋಪರ್ನಿಕಸ್ 30 ಮೀಟರ್ ಡಿಇಎಂ ತಗೋರಿ. ಚಿತ್ರ ಸರಿಯೂದಕ್ಕ ಇದು ದೊಡ್ಡ ಮಾತಲ್ಲ, 10 ಮೀಟರ್ ಎತ್ತರ ತಪ್ಪಿದರ ಒಂದು ಪಿಕ್ಸೆಲ್ ಚಿಲ್ಲರೆ ಸರೀತೈತಿ.

ದೊಡ್ಡ ಮಾತು ಬ್ಯಾರೆ. ಡಿಇಎಂ ಹೊರಗಿಂದ ತಂದು ಹಾಕಿದರ ಎತ್ತರ ಸಮುದ್ರಮಟ್ಟದಿಂದ ಎಣಿಸಿದ್ದು ಇರ್ತೈತಿ. ಉಪಗ್ರಹದ ಲೆಕ್ಕ ಎಲಿಪ್ಸಾಯ್ಡಿಂದು, ಅಂದರ ಭೂಮಿ ಆಕಾರಕ್ಕ ಹೊಂದಿಸಿದ ಗಣಿತದ ಚಪ್ಪಟಿ ಗೋಳದ್ದು. ನಮ್ಮ ಕಡೆ ಎರಡರ ನಡುವ ಹತ್ತಾರು ಮೀಟರ್ ಅಂತರ. 50 ಮೀಟರ್ ತಪ್ಪಿದರ ಚಿತ್ರ 60 ಮೀಟರ್ ಸರೀತೈತಿ. ಒಮ್ಮೆ ಘಟಪ್ರಭಾ ದಂಡಿ ಬಿಟ್ಟು ಕಬ್ಬಿನ ಹೊಲದಾಗ ಹರಿಯೂದು ನೋಡಿ, ಹೊಳಿ ದಾರಿ ಬದಲಿಸೇತಿ, ಪೇಪರ್ ಬರೀಬೇಕು ಅಂತ ಎರಡು ದಿನ ಖುಷಿಯಾಗಿದ್ದೆ.

ಕೇಳಿದವರು:
ಬೀಟಾಕ್ಕ ಟಿಕ್ ಇರಲೇ ಇಲ್ಲರೀ! ಹಾಕಿ ಮತ್ತ ಓಡಿಸಿದೆ. ಕಣಕುಂಬಿ ಗುಡ್ಡದ ನೀರು ಮುಕ್ಕಾಲು ಇಳದೈತಿ. ಬಾದಾಮಿದು ಹಂಗ ನಿಂತೈತಿ, ನಾಳೆ ಗೆರಿ ಎಳೀತೇನಿ.