ಅಪ್‌ಡೇಟ್: 371ಜೆ ಪ್ರಬಂಧ, ಜಿಲ್ಲೆ ಬಿಟ್ಟು ತಾಲೂಕಿಗೆ ಇಳಿದದ್ದು

ಹಿಂದೆ ಕೇಳಿದ್ದು ಇಷ್ಟು: ರಾಜ್ಯಶಾಸ್ತ್ರ ಎಂ.ಎ. ಪ್ರಬಂಧಕ್ಕೆ, ಕಲ್ಯಾಣ ಕರ್ನಾಟಕಕ್ಕೆ (ಹಿಂದಿನ ಹೈದರಾಬಾದ್ ಕರ್ನಾಟಕ) ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿಯ ಮೇಲೆ ರಾಯಚೂರು, ಬಳ್ಳಾರಿ ಜಿಲ್ಲೆಗಳನ್ನು ಹೋಲಿಸಬಹುದೇ? ಹೋಲಿಸಬಹುದು, ಆದರೆ ಜಿಲ್ಲಾ ಮಟ್ಟದಲ್ಲಿ ಅಲ್ಲ.

ತೊಡಕು ಗಡಿಯದ್ದು. ಹರಪನಹಳ್ಳಿಯನ್ನೇ ನೋಡಿ. 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, ಈಗ ವಿಜಯನಗರದಲ್ಲಿದೆ. 2011ರ ಜನಗಣತಿಯ ಬಳ್ಳಾರಿ ಅಂಕಿಯಲ್ಲಿ ಅದು ಇಲ್ಲವೇ ಇಲ್ಲ. ಹಾಗೇ ಎತ್ತಿಕೊಂಡರೆ ಲೆಕ್ಕ ಕೆಟ್ಟಂತೆಯೇ. ಹಾಗಾಗಿ 2011ರ ತಾಲೂಕುಗಳನ್ನೇ ಘಟಕವಾಗಿ ಹಿಡಿದು, ಹೊಸ ತಾಲೂಕುಗಳ ಅಂಕಿಗಳನ್ನು ಹಳೆಯವಕ್ಕೆ ಕೂಡಿಸಬೇಕು. ಒಂದು ಹೊಸ ತಾಲೂಕಿಗೆ ಎರಡು ಹಳೆ ತಾಲೂಕಿನ ಹಳ್ಳಿಗಳು ಸೇರಿದ್ದರೆ ಹಳ್ಳಿ ಪಟ್ಟಿಯಿಂದಲೇ ಬಿಡಿಸಬೇಕು.

ಆರಂಭದ ಅಳತೆಗೋಲು, ರಾಜ್ಯದ ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿಯ 2002ರ ವರದಿ: 175 ತಾಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು.

ಮತದಾನದ ಅಂಕಿ ಇನ್ನೂ ಕಿರಿಕಿರಿ. ಕ್ಷೇತ್ರದ ಗಡಿ ತಾಲೂಕಿನ ಗಡಿಗೆ ಕೂಡುವುದಿಲ್ಲ. ಚುನಾವಣೆಯ ಅಂತಿಮ ಫಲಿತಾಂಶ ಪಟ್ಟಿಯಾದ ನಮೂನೆ 20ರಲ್ಲಿ ಮತಗಟ್ಟೆವಾರು ಮತ ಸಿಗುತ್ತದೆ. ಮತಗಟ್ಟೆಯ ಊರಿನ ಹೆಸರು ನೋಡಿ ತಾಲೂಕಿಗೆ ಹಂಚಬೇಕು. ಅಂಚೆ ಮತಗಳನ್ನು ಹಾಗೆ ಹಂಚಲಾಗದು, ಪ್ರತ್ಯೇಕ ಸಾಲಿನಲ್ಲಿಡಿ.

ಇತಿಹಾಸದ ಅಧ್ಯಾಯದಲ್ಲಿ ‘ನಿಜಾಮರ ಪ್ರದೇಶ’ ಎಂದು ಎಲ್ಲವನ್ನೂ ಒಂದೇ ಗಂಟು ಕಟ್ಟಬೇಡಿ. ರಾಯಚೂರು, ಕೊಪ್ಪಳ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಬಳ್ಳಾರಿ ಮದ್ರಾಸಿನಿಂದ 1953ರಲ್ಲಿ ಮೈಸೂರಿಗೆ ಬಂದದ್ದು. ಈ ವ್ಯತ್ಯಾಸವೇ ಈಗ ಪ್ರಬಂಧದ ಮುಖ್ಯ ಪ್ರಶ್ನೆ.